ಎತ್ತಿನ ನಡಿಗೆ, ಜಕಾರ್ಡ್ ಮಗ್ಗ ಮತ್ತು ನನ್ನ ಕೆಲಸ

(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸದಲ್ಲಿದ್ದೇನೆ. ‘ಬೊಂಬೆ ಕುಣಿಸೋಕೂ ಸಂಬಳ ಕೊಡ್ತಾರೇನಪ್ಪ?’ ಎಂದು ಊರಿನವರು ಕೇಳುತ್ತಾರೆ. ಕೊಡುತ್ತಾರೆ, ಜೊತೆಗೆ ನಿದ್ದೆಯನ್ನೂ ಕಿತ್ತುಕೊಳ್ಳುತ್ತಾರೆ. ಈ ಕೆಲಸಕ್ಕೆ ಬರಬೇಕೆನ್ನುವ ಮಕ್ಕಳು ಇಲ್ಲಿದ್ದಾರೆ. ರಾತ್ರಿ ಹೊತ್ತಿಗೆ ಮನೆ ಸೇರುವ ದಾರಿಯನ್ನು ಅವರಿಗೆ ಹೇಳಬೇಕೆಂದಿದ್ದೇನೆ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 1,440. ಒಂದೊಂದನ್ನೂ ಎರಡೆರಡು ಸಲ ತೋರಿಸಿ ಅರ್ಧದಲ್ಲೇ ಮುಗಿಸುವುದು ಹಳಬರ ಉಪಾಯ. ಈಗ ಆಫ್ಟರ್ ಎಫೆಕ್ಟ್ಸ್, ಬ್ಲೆಂಡರ್‌ನಂಥ ತಂತ್ರಾಂಶಗಳಿವೆ. ಮುಖ್ಯ ಭಂಗಿಗಳನ್ನು, ಅಂದರೆ ಕೀಫ್ರೇಮ್‌ಗಳನ್ನು ನಾವಿಟ್ಟರೆ ನಡುವಿನದನ್ನು ಕಂಪ್ಯೂಟರ್ ತುಂಬುತ್ತದೆ. ಆದರೂ ರಾತ್ರಿಯಿಡೀ ಕೂರುತ್ತೇವೆ. ಯಾಕೆಂದರೆ ಒಂದೇ ಕೆಲಸವನ್ನು ಹತ್ತು ಸಲ ಮಾಡುತ್ತೇವೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ನೀವು ನೋಡಿದ್ದೀರಿ. ರಟ್ಟಿನ ಕಾರ್ಡುಗಳಿಗೆ ಒಮ್ಮೆ ತೂತು ಹೊಡೆದರೆ ಜಕಾರ್ಡ್ ಅದೇ ಹೂವನ್ನು ಸೀರೆಯುದ್ದಕ್ಕೂ ಎತ್ತುತ್ತದೆ. ನಮ್ಮಲ್ಲೂ ಹಾಗೆಯೇ. ತೆರೆಯ ಮೇಲೆ ನೂರು ಎತ್ತು ನಡೆಯಬೇಕೇ? ಒಂದು ಎತ್ತಿನ ನಾಲ್ಕು ಕಾಲೂ ಒಂದು ಸುತ್ತು ನಡೆದು ಮೊದಲಿನ ಭಂಗಿಗೆ ಬರುವಷ್ಟು ಮಾಡಿ, ಅದನ್ನು ‘ಪ್ರೀಕಾಂಪ್’ ಎಂಬ ಗಂಟಿನಲ್ಲಿ ಕಟ್ಟಿ ನೂರು ಕಡೆ ಇಡಿ. ಕೊನೇ ಗಳಿಗೆಯಲ್ಲಿ ಗಿರಾಕಿ ಕೊಂಬಿನ ಬಣ್ಣ ಬೇರೆ ಬೇಕೆನ್ನುತ್ತಾನೆ, ಅದಂತೂ ಖಂಡಿತ. ಮೂಲದಲ್ಲಿ ಒಮ್ಮೆ ಬದಲಿಸಿದರೆ ನೂರರಲ್ಲೂ ಬದಲಾಗುತ್ತದೆ. ಒಂದೊಂದನ್ನೂ ಕೆಲವು ಫ್ರೇಮ್ ಹಿಂದೆಮುಂದೆ ಸರಿಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಜಾತ್ರೆ ಹೋಗಿ ಪೆರೇಡ್ ಆಗುತ್ತದೆ!

ಕೈ ಕೀಬೋರ್ಡಿನ ಮೇಲಿರಲಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪದರವನ್ನು ಆರಿಸಿ ‘ಪಿ’ ಒತ್ತಿದರೆ ಸ್ಥಾನ, ‘ಎಸ್’ ಒತ್ತಿದರೆ ಗಾತ್ರ, ‘ಆರ್’ ಒತ್ತಿದರೆ ತಿರುಗುವಿಕೆ; ‘ಯು’ ಒತ್ತಿದರೆ ಕೀಫ್ರೇಮ್ ಇರುವುದೆಲ್ಲ ತೆರೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಮೆನುವಿಗೆ ಹೆದರುವುದು ಬೇಡ, ದಿನಾ ಬೇಕಾಗುವ ಪದಗಳು ಕೆಲವೇ. ದುಬಾರಿ ಕಂಪ್ಯೂಟರಿಗಾಗಿ ಸಾಲ ಮಾಡುವುದೂ ಬೇಡ. ಬ್ಲೆಂಡರ್ ಉಚಿತ. ಕೆಲಸ ನಡೆಯುವಾಗ ಅರ್ಧ ರೆಸಲ್ಯೂಷನ್‌ನಲ್ಲಿ ನೋಡಿಕೊಳ್ಳಿ, ಪೂರ್ತಿ ರೆಂಡರ್ ಕೊನೆಗಿರಲಿ.

ನಮ್ಮ ಗುಡಿಯಲ್ಲಿ ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ನೋಡುತ್ತೇವಲ್ಲ, ಚಿತ್ರಗಾರರಿಗೂ ಕನ್ನಡಿ ಬೇಕು. ಚಿತ್ರವನ್ನು ಎಡಬಲ ಮಗುಚಿ ನೋಡಿದರೆ, ಕಣ್ಣಿಗೆ ಒಗ್ಗಿಹೋದ ಓರೆ ತಟ್ಟನೆ ಕಾಣುತ್ತದೆ.

ಹೀಗೆ ಉಳಿಸಿದ ಹೊತ್ತು ಎತ್ತನ್ನು ನೋಡುವುದಕ್ಕೆ. ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟರೆ ಎತ್ತು ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದ ಹಾಗೆ ಸಾಗುತ್ತದೆ, ತೂಕವೇ ಇರುವುದಿಲ್ಲ. ನಿಜವಾದ ಎತ್ತಿನಲ್ಲಿ ಮೊದಲು ಹಿಂಗಾಲು, ಅದರ ಬೆನ್ನಿಗೇ ಅದೇ ಬದಿಯ ಮುಂಗಾಲು. ಗಂಗೆದೊಗಲು ಅರೆಗಳಿಗೆ ತಡವಾಗಿ ತೂಗುತ್ತದೆ. ಇದನ್ನು ಯಾವ ಗುಂಡಿ ಒತ್ತಿದರೂ ಪಡೆಯಲಾಗದು. ಬೆಂಗಳೂರಿನ ಹುಡುಗರು ಇಂಟರ್‌ನೆಟ್‌ನಲ್ಲಿ ಹುಡುಕುವುದು ನಿಮಗೆ ದನಗಳ ಜಾತ್ರೆಯಲ್ಲಿ ಕಣ್ಣೆದುರಿಗೇ ಸಿಗುತ್ತದೆ. ಈ ಸಲ ಹಳ್ಳಿಕಾರ್ ಜೋಡಿಯೊಂದನ್ನು ಪಕ್ಕದಿಂದ ಮೊಬೈಲಿನಲ್ಲಿ ಹಿಡಿದು, ನಿಧಾನವಾಗಿ ಓಡಿಸಿ, ಒಂದೊಂದು ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೇಸಿಗೆ ರಜೆಯಲ್ಲಿ ಬರುತ್ತೇನೆ, ಆ ನೋಟ್‌ಬುಕ್ ತನ್ನಿ, ಕೂತು ಬ್ಲೆಂಡರ್‌ನಲ್ಲಿ ನಡೆಸೋಣ.