ನಗಿಸುವವನಿಗೆ ಹೆದರುವುದೇಕೆ?



ಮಕ್ಕಳ ಆಸ್ಪತ್ರೆಯ ಗೋಡೆಗಳ ಮೇಲೆ ಎಂಥ ಚಿತ್ರ ಇದ್ದರೆ ಚೆನ್ನ? ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆಯನ್ನು 4ರಿಂದ 16 ವರ್ಷದೊಳಗಿನ ಸುಮಾರು 250 ಮಕ್ಕಳ ಮುಂದಿಟ್ಟರು. ಉತ್ತರ 2008ರಲ್ಲಿ ಪ್ರಕಟವಾಯಿತು. ಬಫೂನಿನ ಚಿತ್ರ ಮಾತ್ರ ಬೇಡವೇ ಬೇಡ ಅಂದಿದ್ದರು ಮಕ್ಕಳು. ದೊಡ್ಡ ಮಕ್ಕಳಲ್ಲೂ ಕೆಲವರು, ನೋಡಿದರೆ ಹೆದರಿಕೆಯಾಗುತ್ತದೆ ಅಂದಿದ್ದರು. ಮಕ್ಕಳಿಗೆ ಬಫೂನ್ ಅಂದರೆ ಪಂಚಪ್ರಾಣ ಎಂದು ತೀರ್ಮಾನ ಮಾಡಿಕೊಂಡವರು ದೊಡ್ಡವರು. ಮಕ್ಕಳನ್ನು ಕೇಳುವ ಗೋಜಿಗೆ ಅಲ್ಲಿಯವರೆಗೆ ಹೆಚ್ಚು ಜನ ಹೋಗಿರಲಿಲ್ಲ.

ಈ ಭಯ ಸಿನಿಮಾಗಳು ಹುಟ್ಟಿಸಿದ್ದು ಎಂದು ಹೇಳುವವರಿದ್ದಾರೆ. ಅದು ಅರ್ಧ ನಿಜ. ಸಿನಿಮಾ ಹುಟ್ಟುವುದಕ್ಕೆ ಸುಮಾರು 90 ವರ್ಷ ಮೊದಲೇ ಲಂಡನ್ನಿನ ಒಬ್ಬ ನಟನ ಮುಖದ ಮೇಲೆ ಇದರ ಬೀಜ ಬಿದ್ದಿತ್ತು.

ಅವನ ಹೆಸರು ಜೋಸೆಫ್ ಗ್ರಿಮಾಲ್ಡಿ. ಹುಟ್ಟಿದ್ದು 1778ರಲ್ಲಿ, ಇಟಲಿ ಮೂಲದ ನಾಟಕದ ಮನೆತನ. ಅವನಿಗೆ ಮುಂಚೆ ಇಂಗ್ಲಿಷ್ ರಂಗಭೂಮಿಯಲ್ಲಿ ಕ್ಲೌನ್ ಅಂದರೆ ಹಳ್ಳಿಗಾಡಿನ ಪೆದ್ದ, ಕೆಂಪು ಮೋರೆಯ ಗಮಾರ. ಗ್ರಿಮಾಲ್ಡಿ ಆ ಪೆದ್ದನನ್ನು ಪೂರಾ ಬೇರೆ ಮಾಡಿಬಿಟ್ಟ. ಮುಖ, ಕತ್ತು ಎಲ್ಲಕ್ಕೂ ದಪ್ಪ ಬಿಳಿ ಬಣ್ಣ ಬಳಿದುಕೊಂಡ. ಎರಡು ಕೆನ್ನೆಯ ಮೇಲೂ ಕೆಂಪು ತ್ರಿಕೋನ. ಬಾಯಿಯ ಸುತ್ತ ಕೆಂಪು, ಹುಬ್ಬುಗಳು ಹಣೆಯ ಮೇಲಕ್ಕೆ, ತಲೆಯ ಮೇಲೆ ಹುಂಜದ ಜುಟ್ಟಿನಂಥ ಟೋಪನ್ನು. ಆಗ ರಂಗಮಂದಿರಗಳಲ್ಲಿ ಇದ್ದದ್ದು ಎಣ್ಣೆದೀಪ, ಮೇಣದಬತ್ತಿಯ ಬೆಳಕು. ಕವೆಂಟ್ ಗಾರ್ಡನ್‌ನಂಥ ದೊಡ್ಡ ಥಿಯೇಟರಿನ ಹಿಂದಿನ ಸಾಲಿಗೂ ಮುಖ ಕಾಣಬೇಕೆಂದರೆ ಬಣ್ಣ ಗಾಢವಾಗಲೇಬೇಕಿತ್ತು. 1806ರಲ್ಲಿ ಅಲ್ಲಿ ಆಡಿದ 'ಮದರ್ ಗೂಸ್' ಪ್ಯಾಂಟೊಮೈಮ್ ಅವನನ್ನು ಮನೆಮಾತು ಮಾಡಿತು. ಅವನ ಅಡ್ಡಹೆಸರು 'ಜೋಯಿ' ಎಂಬುದೇ ಇಂಗ್ಲೆಂಡಿನಲ್ಲಿ ಬಫೂನುಗಳ ಜಾತಿಯ ಹೆಸರಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಯಕ್ಷಗಾನ ನೋಡಿದವರಿಗೆ ಗೊತ್ತು, ಮುಖದ ಮೇಲೆ ದಪ್ಪ ಬಣ್ಣ ಬೀಳುವುದು ರಾಕ್ಷಸನಿಗೆ. ಬಣ್ಣದ ವೇಷದವರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿ, ಒಂದೊಂದೇ ಚುಟ್ಟಿ ಇಟ್ಟುಕೊಳ್ಳುತ್ತಾರೆ. ತೆರೆಯ ಹಿಂದಿನಿಂದ ಆ ಮುಖ ಅಬ್ಬರಿಸಿಕೊಂಡು ಬಂದರೆ ಮಕ್ಕಳು ತಾಯಿಯ ಸೆರಗಿನೊಳಗೆ ಸೇರಿಕೊಳ್ಳುತ್ತವೆ. ಹಾಸ್ಯಗಾರನಿಗೆ ಅಷ್ಟು ಬಣ್ಣ ಬೇಕಿಲ್ಲ. ಅವನ ಹುಬ್ಬು ಹಾರಿದ್ದು, ತುಟಿ ಕೊಂಕಿದ್ದು, ಕಣ್ಣು ಮಿಟುಕಿಸಿದ್ದು ಕಂಡರೆ ತಾನೆ ನಗು? ಗ್ರಿಮಾಲ್ಡಿ ಏನು ಮಾಡಿದ ಎಂದರೆ, ರಾಕ್ಷಸನ ದಪ್ಪ ಬಣ್ಣವನ್ನು ತಂದು ಹಾಸ್ಯಗಾರನ ಮುಖಕ್ಕೆ ಬಳಿದ. ಅವನು ದೊಡ್ಡ ಕಲಾವಿದ, ದಕ್ಕಿಸಿಕೊಂಡ. ಬಣ್ಣವನ್ನಷ್ಟೇ ಎರವಲು ಪಡೆದ ಮುಂದಿನವರಿಗೆ ಅದು ದಕ್ಕಲಿಲ್ಲ.

ಗ್ರಿಮಾಲ್ಡಿಯ ಸ್ವಂತ ಬದುಕು ದುಃಖದ್ದು. ಮೊದಲ ಹೆಂಡತಿ 1800ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಚಿಕ್ಕಂದಿನಿಂದ ರಂಗದ ಮೇಲೆ ಬಿದ್ದು, ಹಾರಿ, ಉರುಳಿ ಮೈ ಜಜ್ಜಿಹೋಗಿತ್ತು. 1828ರ ವಿದಾಯದ ಪ್ರದರ್ಶನದಲ್ಲಿ ನಿಲ್ಲಲಾರದೆ ಕುರ್ಚಿಯಲ್ಲಿ ಕೂತೇ ಅಭಿನಯಿಸಿದ. ತನ್ನ ಹಾದಿಯಲ್ಲೇ ಬಂದ ಮಗ ಕುಡಿತಕ್ಕೆ ಬಿದ್ದು 1832ರಲ್ಲಿ ಸತ್ತ. ಕೊನೆಗಾಲದಲ್ಲಿ ಗ್ರಿಮಾಲ್ಡಿಯನ್ನು ಬೀದಿಯ ಮದ್ಯದಂಗಡಿಯವನು ರಾತ್ರಿ ಬೆನ್ನಮೇಲೆ ಹೊತ್ತು ಮನೆಗೆ ಬಿಡುತ್ತಿದ್ದನಂತೆ. 1837ರಲ್ಲಿ ಅವನೂ ಹೋದ.

ಅವನ ಆತ್ಮಕಥೆಯ ಹಸ್ತಪ್ರತಿಯನ್ನು ತಿದ್ದಿ 1838ರಲ್ಲಿ ಅಚ್ಚಿಗೆ ಕೊಟ್ಟವನು ಒಬ್ಬ ತರುಣ ಲೇಖಕ, ಚಾರ್ಲ್ಸ್ ಡಿಕನ್ಸ್. ಅದಕ್ಕೆ ಎರಡು ವರ್ಷ ಮೊದಲೇ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಅವನು ಕುಡಿದು ಸೊರಗಿ ಸಾಯುವ ಒಬ್ಬ ಪ್ಯಾಂಟೊಮೈಮ್ ನಟನ ಕಥೆ ಸೇರಿಸಿದ್ದ. ಹಬ್ಬದ ಬಣ್ಣದ ಬಟ್ಟೆಯೊಳಗೆ ಮೂಳೆ ಚಕ್ಕಳದ ದೇಹ, ಬಿಳಿ ಬಣ್ಣದೊಳಗೆ ಸಾಯುತ್ತಿರುವ ಮುಖ. ಬಣ್ಣ ಒರೆಸಿದರೆ ಕೆಳಗೆ ಏನೋ ಭಯಂಕರವಾದದ್ದು ಇದ್ದೀತು ಎಂಬ ಗುಮಾನಿಯನ್ನು ಓದುಗರ ತಲೆಯಲ್ಲಿ ಬಿತ್ತಿದವರಲ್ಲಿ ಡಿಕನ್ಸ್ ಮೊದಲ ಸಾಲಿನವನು.

ಪ್ಯಾರಿಸ್ಸಿನಲ್ಲಿ ಅದೇ 1836ರಲ್ಲಿ ಇನ್ನೊಂದು ಘಟನೆ ನಡೆಯಿತು. ಜಾನ್ ಗಾಸ್ಪಾರ್ ದೆಬುರೋ ಎಂಬವನು ಪಿಯರೋ ಪಾತ್ರದಲ್ಲಿ ಹೆಸರಾದ ನಟ. ಬಿಳಿ ಮುಖ, ಬಿಳಿ ಅಂಗಿ, ಮಾತಿಲ್ಲ. ಒಂದು ದಿನ ಮನೆಯವರೊಂದಿಗೆ ಬೀದಿಯಲ್ಲಿ ಹೋಗುವಾಗ ಒಬ್ಬ ಹುಡುಗ ಚುಡಾಯಿಸಿದ. ದೆಬುರೋ ಕೈಯಲ್ಲಿದ್ದ ಕೋಲಿನಿಂದ ಹೊಡೆದ, ಹುಡುಗ ಸತ್ತುಹೋದ. ನ್ಯಾಯಾಲಯ ನಟನನ್ನು ಬಿಡುಗಡೆ ಮಾಡಿತು. ರಂಗದ ಮೇಲೆ ಎಂದೂ ಬಾಯಿ ಬಿಡದವನ ದನಿ ಹೇಗಿದೆ ಎಂದು ಕೇಳಲಿಕ್ಕೇ ವಿಚಾರಣೆಗೆ ಜನ ಮುಗಿಬಿದ್ದರು ಎನ್ನುತ್ತಾರೆ. 1892ರಲ್ಲಿ ಮಿಲಾನ್‌ನಲ್ಲಿ ಲಿಯೊನ್‌ಕವಾಲೊನ 'ಪಾಲ್ಯಾಚಿ' ಒಪೆರಾ ಬಂತು. ಅದರಲ್ಲಿ ಬಫೂನ್ ವೇಷದ ಗಂಡ ರಂಗದ ಮೇಲೆಯೇ ಹೆಂಡತಿಯನ್ನು ಇರಿದು ಕೊಲ್ಲುತ್ತಾನೆ. ಇನ್ನೂ ಸಿನಿಮಾ ಬಂದಿರಲಿಲ್ಲ, ನೆನಪಿರಲಿ.

ಅಮೆರಿಕದ ಟೆಲಿವಿಷನ್ ಯುಗದಲ್ಲಿ ಬಫೂನ್ ಸ್ವಲ್ಪ ಕಾಲ ಬಡಪಾಯಿ ಸಾಧು. ಬೋಝೋ ಬಂದ, 1963ರಲ್ಲಿ ಬನ್ನು ಮಾರುವ ರೊನಾಲ್ಡ್ ಮೆಕ್‌ಡೊನಾಲ್ಡ್ ಬಂದ. ಅಷ್ಟರಲ್ಲಿ 1978ರ ಡಿಸೆಂಬರ್. ಶಿಕಾಗೋ ಬಳಿಯ ಗುತ್ತಿಗೆದಾರ ಜಾನ್ ವೇನ್ ಗೇಸಿಯನ್ನು ಪೊಲೀಸರು ಹಿಡಿದರು. 33 ಹುಡುಗರು, ಯುವಕರ ಕೊಲೆ ಅವನ ಮೇಲೆ ಸಾಬೀತಾಯಿತು. ಇದೇ ಮನುಷ್ಯ ಸಮಾರಂಭಗಳಲ್ಲಿ 'ಪೋಗೋ' ಎಂಬ ಬಫೂನಾಗಿ ಮಕ್ಕಳನ್ನು ರಂಜಿಸುತ್ತಿದ್ದ. ವೇಷದ ಫೋಟೋ ಪತ್ರಿಕೆಗಳ ಕೈಗೆ ಸಿಕ್ಕ ಮೇಲೆ ಕೇಳಬೇಕೇ? ಆ ಫೋಟೋದಲ್ಲಿ ಬಾಯಿಯನ್ನು ಗಮನಿಸಬೇಕು. ಕಸುಬು ಬಲ್ಲ ಬಫೂನುಗಳು ಬಾಯಿಯ ತುದಿಯನ್ನು ಗುಂಡಗೆ ಬರೆದುಕೊಳ್ಳುತ್ತಾರೆ, ಮಕ್ಕಳು ಬೆದರಬಾರದೆಂದು. ಗೇಸಿ ಚೂಪಾಗಿ ಬರೆದುಕೊಂಡಿದ್ದ.

1981ರಲ್ಲಿ ಬಾಸ್ಟನ್ ಸುತ್ತಮುತ್ತ ಬಫೂನುಗಳು ವ್ಯಾನಿನಲ್ಲಿ ಬಂದು ಕರೆಯುತ್ತಾರೆ ಎಂದು ಮಕ್ಕಳು ದೂರು ಹೇಳಿದವು. ಪೊಲೀಸರು ಹುಡುಕಿದರು, ಯಾರೂ ಸಿಗಲಿಲ್ಲ. 1986ರಲ್ಲಿ ಸ್ಟೀಫನ್ ಕಿಂಗ್ ಬರೆದ 'ಇಟ್' ಕಾದಂಬರಿಯ ಬಫೂನ್ ರೂಪದ ಪೆನಿವೈಸ್ ಈ ಎಲ್ಲ ಗುಮಾನಿಗಳಿಗೂ ಒಂದೇ ಮುಖ ಕೊಟ್ಟ. 2016ರ ಆಗಸ್ಟಿನಲ್ಲಿ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ, ಕಾಡಂಚಿನಲ್ಲಿ ಬಫೂನ್ ಕಂಡರು ಎಂಬ ಗುಲ್ಲೆದ್ದು ಬೇರೆ ದೇಶಗಳಿಗೂ ಹಬ್ಬಿತು. ಅಕ್ಟೋಬರ್ ಹೊತ್ತಿಗೆ ಮೆಕ್‌ಡೊನಾಲ್ಡ್ಸ್ ತನ್ನ ರೊನಾಲ್ಡನ ಓಡಾಟವನ್ನೇ ಕಡಿಮೆ ಮಾಡಿತು.

ಹಾಗಾದರೆ ಮೂಲ ಕಾರಣ ಯಾವುದು? ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 64 ದೇಶಗಳ 987 ಮಂದಿಯನ್ನು ಕೇಳಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನ ಸ್ವಲ್ಪವಾದರೂ ಹೆದರಿಕೆಯಿದೆ ಅಂದರು. ಶೇಕಡಾ 5ರಷ್ಟು ಮಂದಿಗೆ ವಿಪರೀತ ಭಯ. ಬಫೂನಿನಿಂದ ಖುದ್ದಾಗಿ ಕೆಟ್ಟ ಅನುಭವ ಆಗಿತ್ತು ಎಂಬ ಕಾರಣಕ್ಕೆ ಸಿಕ್ಕ ತೂಕ ಎಲ್ಲಕ್ಕಿಂತ ಕಡಿಮೆ. ಸಿನಿಮಾ, ಪುಸ್ತಕಗಳ ಪಾಲು ಖಂಡಿತ ಇತ್ತು. ಅದಕ್ಕಿಂತ ಮುಂದೆ ನಿಂತದ್ದು ಬಣ್ಣ. ಬಣ್ಣದ ಬಾಯಿ ಸದಾ ನಗುತ್ತಿರುತ್ತದೆ, ಒಳಗಿನ ಬಾಯಿ ಏನು ಮಾಡುತ್ತಿದೆ ಎಂದು ತಿಳಿಯುವುದಿಲ್ಲ. ಇವನು ಮುಂದೆ ಏನು ಮಾಡಿಯಾನು ಎಂದು ಅಂದಾಜಿಸಲು ನಮಗೆ ಇರುವ ಆಧಾರ ಮುಖ. ಅದನ್ನೇ ಮುಚ್ಚಿದರೆ ಮನಸ್ಸು ಎಚ್ಚರಾಗುತ್ತದೆ. ಹೀಗೆ ಹೆದರುವವರನ್ನು ಪುಕ್ಕಲರು ಎಂದು ನಗುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಪೆನಿವೈಸ್ ಹುಟ್ಟಿದ ಅದೇ 1986ರಲ್ಲಿ ನ್ಯೂಯಾರ್ಕಿನಲ್ಲಿ ಬಿಗ್ ಆ್ಯಪಲ್ ಸರ್ಕಸ್ಸಿನ ಮೈಕಲ್ ಕ್ರಿಸ್ಟೆನ್ಸನ್ ಆಸ್ಪತ್ರೆಯ ಮಕ್ಕಳಿಗಾಗಿ ಬಫೂನುಗಳ ತಂಡ ಕಟ್ಟಿದ. ಶಸ್ತ್ರಚಿಕಿತ್ಸೆಗೆ ಮುಂಚೆ ಇಂಥವರು ಜೊತೆಗಿದ್ದರೆ ಮಕ್ಕಳ ಆತಂಕ ಇಳಿಯುತ್ತದೆ ಎಂದು ಇಟಲಿಯ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಶೆಫೀಲ್ಡಿನ ಮಕ್ಕಳು ಬೇಡ ಅಂದದ್ದಕ್ಕೂ ಇದಕ್ಕೂ ವಿರೋಧವಿಲ್ಲ. ಆಸ್ಪತ್ರೆಯ ಬಫೂನುಗಳಲ್ಲಿ ಹೆಚ್ಚಿನವರು ಬಿಳಿ ಬಣ್ಣ ಬಿಟ್ಟು, ಬರೀ ಕೆಂಪು ಮೂಗು ಹಾಕಿಕೊಂಡು ಹೋಗುತ್ತಾರೆ. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಮಗುವನ್ನು ಕೇಳುತ್ತಾರೆ. ಮಗು ಬೇಡ ಅಂದರೆ ಹೊರಟುಹೋಗುತ್ತಾರೆ.

ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಸರ್ಕಸ್ಸಿನಲ್ಲೋ ಹುಟ್ಟುಹಬ್ಬದಲ್ಲೋ ಮಗು ಬಫೂನನ್ನು ಕಂಡು ಅಳತೊಡಗಿದರೆ, ಫೋಟೋ ಚೆನ್ನಾಗಿ ಬರಲಿ ಎಂದು ಅವನ ತೋಳಿಗೆ ತಳ್ಳಬೇಡಿ. ದೂರದಿಂದ ನೋಡಲಿ. ಇಷ್ಟವಾದರೆ ತಾನಾಗಿ ಹತ್ತಿರ ಹೋಗುತ್ತದೆ, ಇಲ್ಲವಾದರೆ ಬೇಡ.