ಕಿರಿಯ ರಾಜಕುಮಾರನ ಲೆಕ್ಕ

(ನರೋಣಾದಲ್ಲಿ ಸೆಪ್ಟೆಂಬರ್ 17ರ ವಿಮೋಚನಾ ದಿನದ ಸಭೆಯಲ್ಲಿ ಮಾಡಿದ ಭಾಷಣ)



ವಿಮೋಚನಾ ದಿನ ಬಂದಿತೆಂದರೆ ನಾವು ನಿಜಾಮನ ಮಾತು ಆಡುತ್ತೇವೆ. ರಜಾಕಾರರ ಮಾತು ಆಡುತ್ತೇವೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಮಾತು ಆಡುತ್ತೇವೆ. ಅವೆಲ್ಲ ಆಡತಕ್ಕ ಮಾತುಗಳೇ ಸರಿ. ಆದರೆ ಇಂದು ನಾವು ಸಭೆಗಳಲ್ಲಿ ಯಾರೂ ನೆನೆಯದ ಒಬ್ಬನ ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಆತ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಎರಡನೆಯ ಮಗ, ಮೊಅಜ್ಜಮ್ ಜಾಹ್.

'ಎಂದೋ ಸತ್ತ ರಾಜಕುಮಾರನ ಗೊಡವೆ ತೊಗರಿ ಬೆಳೆಯುವ ನಮಗೇಕೆ?' ಎಂದು ನೀವು ಕೇಳಬಹುದು. ಕೇಳಿರಿ. ಕೇಳುವುದೇ ಇಂದಿನ ನಮ್ಮ ವಿಷಯ.

ಉಸ್ಮಾನ್ ಅಲಿ ಖಾನ್ 1911ರಲ್ಲಿ ಗಾದಿಗೆ ಬಂದ. ಅದಕ್ಕೂ ಮೊದಲೇ, 1907ರಲ್ಲಿ, ಇಬ್ಬರು ಮಕ್ಕಳು ಹುಟ್ಟಿದ್ದರು. ಫೆಬ್ರವರಿಯಲ್ಲಿ ಹಿರಿಯವ ಆಜಮ್ ಜಾಹ್, ಡಿಸೆಂಬರಿನಲ್ಲಿ ಕಿರಿಯವ ಮೊಅಜ್ಜಮ್ ಜಾಹ್. ಹತ್ತು ತಿಂಗಳು ಮೊದಲು ಹುಟ್ಟಿದವನಿಗೆ ಯುವರಾಜನ ಪಟ್ಟ. ಹತ್ತು ತಿಂಗಳು ತಡವಾಗಿ ಹುಟ್ಟಿದವನಿಗೆ ಎರಡನೆಯ ಸಾಲಿನ ಪೀಠ. ಯಾರಿಗೆ ರಾಜ್ಯಭಾರ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ. ಎತ್ತು ಕೊಳ್ಳುವಾಗ ನಮ್ಮ ರೈತ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡಿಗೆ ನೋಡುತ್ತಾನೆ. 82,000 ಚದರ ಮೈಲಿಯ ಸಂಸ್ಥಾನಕ್ಕೆ ಒಡೆಯನನ್ನು ಆರಿಸುವಾಗ ಅಷ್ಟನ್ನೂ ನೋಡುವ ಪದ್ಧತಿ ಇರಲಿಲ್ಲ.

1931ರ ನವೆಂಬರ್ 12ರಂದು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಅಣ್ಣತಮ್ಮಂದಿರ ಮದುವೆ ಒಂದೇ ದಿನ ಆಯಿತು. ತುರ್ಕಿ ಜನರು 1924ರಲ್ಲಿ ಖಲೀಫನ ಪದವಿಯನ್ನು ರದ್ದು ಮಾಡಿ, ಕಡೆಯ ಖಲೀಫನನ್ನು ದೇಶದಿಂದ ಹೊರಗೆ ಕಳುಹಿಸಿದ್ದರು. ಆತನ ಮಗಳು ದುರ್ರು ಶೆಹ್ವಾರ್ ಹಿರಿಯವನಿಗೆ, ಅದೇ ಮನೆತನದ ನಿಲೋಫರ್ ಕಿರಿಯವನಿಗೆ. ನಿಲೋಫರಳಿಗೆ ಆಗ ಇನ್ನೂ ಹದಿನಾರು ತುಂಬಿರಲಿಲ್ಲ. ತುರ್ಕಿ ಜನ ತಮ್ಮ ಅರಸೊತ್ತಿಗೆಯನ್ನು ಹೊರಗೆ ಹಾಕಿದರು. ನಮ್ಮ ಸಂಸ್ಥಾನ ಅದರೊಡನೆ ಬೀಗತನ ಬೆಳೆಸಿತು.

ಇನ್ನು ಆತನ ಸಾರ್ವಜನಿಕ ಪಾತ್ರ. 1908ರ ಮೂಸಿ ನದಿಯ ಮಹಾಪೂರದಲ್ಲಿ ಹೈದರಾಬಾದು ನಗರ ಕೊಚ್ಚಿಹೋಯಿತು. ನಗರವನ್ನು ಪುನಃ ಕಟ್ಟಲು 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. ಕೊಳಚೆ ಕೇರಿಗಳನ್ನು ತೆಗೆಯುವುದು, ರಸ್ತೆ ಅಗಲ ಮಾಡುವುದು, ಮನೆ ಕಟ್ಟಿಸುವುದು ಅದರ ಕೆಲಸ. ಮುಂದೆ ಈ ಮಂಡಳಿಯ ಅಧ್ಯಕ್ಷನ ಕುರ್ಚಿ ಕಿರಿಯ ರಾಜಕುಮಾರನಿಗೆ ಬಂದಿತು. 1935ರಲ್ಲಿ ಕಲ್ಲಿನಿಂದ ಕಟ್ಟಿದ ದೊಡ್ಡ ಪೇಟೆಗೆ ಆತನ ಹೆಸರನ್ನೇ ಇಟ್ಟರು. ಹೈದರಾಬಾದಿಗೆ ಹೋದವರು ಮೊಅಜ್ಜಮ್ ಜಾಹಿ ಮಾರ್ಕೆಟನ್ನು ನೋಡಿರಬಹುದು. ಅಲ್ಲಿ ಐಸ್‌ಕ್ರೀಮ್ ತಿಂದೂ ಇರಬಹುದು.

ನ್ಯಾಯವಾಗಿ ಮಾತನಾಡೋಣ. ಆ ಮಂಡಳಿ ಒಳ್ಳೆಯ ಕೆಲಸ ಮಾಡಿತು. ಆ ಕಟ್ಟಡ ಗಟ್ಟಿಯಾಗಿದೆ, ಚೆಲುವಾಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ನಕ್ಷೆ ಬರೆದವರು ಎಂಜಿನಿಯರರು. ಕಲ್ಲು ಕಡಿದವರು ಒಡ್ಡರು. ಹಣ ಕೊಟ್ಟವರು ಯಾರು? ಸಂಸ್ಥಾನದ ಬೊಕ್ಕಸಕ್ಕೆ ಹಣ ಬರುತ್ತಿದ್ದ ದೊಡ್ಡ ದಾರಿ ಭೂಕಂದಾಯ. ಅಂದರೆ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ನಮ್ಮ ಅಜ್ಜಂದಿರೂ, ಅತ್ತ ಮರಾಠವಾಡ, ತೆಲಂಗಾಣದ ರೈತರೂ ಕೊಟ್ಟ ಹಣ. ಪೇಟೆಯ ಮೇಲೆ ಹೆಸರು ಮಾತ್ರ ರಾಜಕುಮಾರನದು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಅದೇ ಕಾಲದಲ್ಲಿ ಹಳ್ಳಿಯ ಸ್ಥಿತಿ ಏನಿತ್ತು? ಸಂಸ್ಥಾನದ ಭೂಮಿಯೆಲ್ಲ ಸರಕಾರದ ಅಧೀನದಲ್ಲಿ ಇರಲಿಲ್ಲ. ಒಂದು ಭಾಗ ಜಾಗೀರುದಾರರದು, ಪಾಯಗಾ ಮನೆತನಗಳದು. ಇನ್ನೊಂದು ಭಾಗ ಸರ್ಫ್‌-ಎ-ಖಾಸ್, ಎಂದರೆ ನಿಜಾಮನ ಸ್ವಂತ ಖರ್ಚಿನ ಭೂಮಿ. ಬಿಟ್ಟಿ ಚಾಕರಿ ಇತ್ತು. ಯುದ್ಧಕಾಲದಲ್ಲಿ ಲೆವಿ ಎಂದು ಜೋಳ ಅಳೆದು ಒಯ್ಯುತ್ತಿದ್ದರು. ದಫ್ತರದ ಭಾಷೆ ಉರ್ದು; ಕನ್ನಡ ಬಲ್ಲ ರೈತನಿಗೆ ತನ್ನ ಹೊಲದ ಕಾಗದವನ್ನೇ ಓದಲು ಬಾರದು. ಗಿರ್ದಾವರ ಏನು ಓದಿ ಹೇಳಿದನೋ ಅದೇ ಲೆಕ್ಕ.

ಇದನ್ನು ಕೇಳಿ ಯಾರೂ ಹಿಂದು ಮುಸಲ್ಮಾನರ ಜಗಳ ಎಂದು ತಿಳಿಯಬಾರದು. ಜಾಗೀರಿನಲ್ಲಿ ದುಡಿದ ಮುಸಲ್ಮಾನ ರೈತನೂ ನೇಕಾರನೂ ನಿಮ್ಮ ಹಾಗೆಯೇ ಸವೆದರು. ರಜಾಕಾರರನ್ನು ಎದುರಿಸಿ ಬರೆದು 1948ರ ಆಗಸ್ಟಿನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಮುಸಲ್ಮಾನನೇ. ಜಗಳ ಇದ್ದದ್ದು ದುಡಿಯುವವನಿಗೂ ಲೆಕ್ಕ ಕೊಡದವನಿಗೂ.

ರಾಜಕುಮಾರ ದುಷ್ಟನೇ? ಹಾಗೆ ನಾವು ಹೇಳುವುದಿಲ್ಲ. ಆತ ಉರ್ದು ಕವಿ. 'ಶಜಿ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ. ಹಿಲ್ ಫೋರ್ಟ್ ಎಂಬ ಗುಡ್ಡದ ಮೇಲಿನ ಅರಮನೆ ಆತನ ಮನೆ. ಸಿದ್ಕ್ ಜಾಯಸಿ ಎಂಬ ಕವಿ ಆತನ ದರ್ಬಾರಿನಲ್ಲಿದ್ದು, ಆ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾನೆ. ದರ್ಬಾರು ಕೂಡುತ್ತಿದ್ದುದು ರಾತ್ರಿ. ಕವಿತೆ, ಊಟ, ಹಾಸ್ಯ, ಹೊಗಳಿಕೆ. ನಮ್ಮ ರೈತ ರಾಶಿ ಕಾಯುತ್ತ ಎಚ್ಚರವಿದ್ದ ಹೊತ್ತಿನಲ್ಲಿ ಆಸ್ಥಾನಿಗರು ರಾಜಕುಮಾರನ ಹೊತ್ತು ಕಳೆಯಲು ಎಚ್ಚರವಿರುತ್ತಿದ್ದರು. ಬುದ್ಧಿಯಿದ್ದ, ಅಭಿರುಚಿಯಿದ್ದ ಒಬ್ಬ ಮನುಷ್ಯನನ್ನು ಅರಸೊತ್ತಿಗೆ ಹೀಗೆ ಹಾಳು ಮಾಡಿತು. 'ತಪ್ಪು' ಎಂದು ಹೇಳುವವರು ಆತನ ಸುತ್ತ ಯಾರೂ ಇರಲಿಲ್ಲ. ಈ ಪದ್ಧತಿ ರೈತನ ಹೊಟ್ಟೆಯನ್ನು ಹೊಡೆದದ್ದಷ್ಟೇ ಅಲ್ಲ, ರಾಜಕುಮಾರನ ಬಾಳನ್ನೂ ಕೆಡಿಸಿತು.

ಕಡೆಗೆ ಗಾದಿಯಾದರೂ ಸಿಕ್ಕಿತೆ? ಇಲ್ಲ. ಸಂಸ್ಥಾನ 1948ರಲ್ಲಿ ಭಾರತದಲ್ಲಿ ಸೇರಿತು. 1949ರಲ್ಲಿ ಸರ್ಫ್‌-ಎ-ಖಾಸ್ ಭೂಮಿ ಸರಕಾರಕ್ಕೆ ಬಂದಿತು, ಜಾಗೀರುಗಳು ರದ್ದಾದವು. ಆದರೂ ನಿಜಾಮನಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು. 1967ರಲ್ಲಿ ಆತ ತೀರಿಕೊಂಡಾಗ ಇಬ್ಬರು ಮಕ್ಕಳನ್ನೂ ಬಿಟ್ಟು ಮೊಮ್ಮಗ ಮುಕರ್ರಮ್ ಜಾಹ್ ಉತ್ತರಾಧಿಕಾರಿಯಾದ. 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ನಿಂತಿತು. ಕಿರಿಯ ರಾಜಕುಮಾರ 1987ರಲ್ಲಿ ಹೋದ.

ಆತನ ಮಡದಿ ನಿಲೋಫರಳ ಮಾತನ್ನೂ ಹೇಳಬೇಕು. ಆಕೆಯ ದಾಸಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಮನನೊಂದ ಆಕೆ ತಾಯಿ ಮಕ್ಕಳಿಗೊಂದು ಆಸ್ಪತ್ರೆ ಆಗಲೇಬೇಕೆಂದು ಹಟ ಹಿಡಿದಳು. 1953ರಲ್ಲಿ ಹೈದರಾಬಾದಿನಲ್ಲಿ ಆ ಆಸ್ಪತ್ರೆ ಆಯಿತು; ಆಕೆಯ ಹೆಸರು ಇಂದಿಗೂ ಅದಕ್ಕಿದೆ. ಅಷ್ಟರೊಳಗೆ ಆಕೆ ಗಂಡನಿಂದ ಬಿಡುಗಡೆ ಪಡೆದಿದ್ದಳು. ಒಂದು ಸಾವನ್ನು ಕಣ್ಣೆದುರು ಕಂಡದ್ದರಿಂದ ಆಸ್ಪತ್ರೆ ಬಂದಿತು. ಅದು ಪುಣ್ಯದ ಕೆಲಸ. ಆದರೆ ನರೋಣಾದಲ್ಲಿ, ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಬಾಣಂತಿಯರು ಸತ್ತದ್ದನ್ನು ಅರಮನೆಯಲ್ಲಿ ಕಂಡವರು ಯಾರು? ರಾಜರ ಕರುಣೆ ಅವರ ಕಣ್ಣಿಗೆ ಬಿದ್ದಷ್ಟು ದೂರ ಹೋಗುತ್ತದೆ. ಪ್ರಜೆಯ ಹಕ್ಕು ಕಟ್ಟಕಡೆಯ ತಾಂಡಾದವರೆಗೂ ಹೋಗಬೇಕು.

ಇನ್ನೊಂದು ಲೆಕ್ಕವಿದೆ. 1948ರ ಸೆಪ್ಟೆಂಬರಿನಲ್ಲಿ, ಸಂಸ್ಥಾನ ಬೀಳುವ ಹೊತ್ತಿನಲ್ಲಿ, ಸುಮಾರು 10 ಲಕ್ಷ ಪೌಂಡು ಹಣವನ್ನು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ ಹೆಸರಿಗೆ ಹಾಕಿದರು. ಅದು ಬ್ಯಾಂಕಿನಲ್ಲಿ ಬೆಳೆಯುತ್ತ ಸುಮಾರು ಮೂರೂವರೆ ಕೋಟಿ ಪೌಂಡು ಆಯಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ ಪಾಕಿಸ್ತಾನದ ಹಕ್ಕನ್ನು ತಳ್ಳಿಹಾಕಿ, ಮೊಮ್ಮಕ್ಕಳಾದ ಮುಕರ್ರಮ್ ಜಾಹ್ ಮತ್ತು ಆತನ ತಮ್ಮ ಮುಫಖ್ಖಮ್ ಜಾಹ್, ಭಾರತ ಸರಕಾರ ಇವರ ಕಡೆಗೆ ತೀರ್ಪು ಕೊಟ್ಟಿತು. ಇಲ್ಲಿಯೂ ಒಬ್ಬ ಕಿರಿಯ ರಾಜಕುಮಾರ ಇದ್ದಾನೆ, ನೋಡಿರಿ. 71 ವರ್ಷಗಳ ಆ ವ್ಯಾಜ್ಯದಲ್ಲಿ ಕಂದಾಯ ಕೊಟ್ಟ ರೈತನ ಹೆಸರಿನಲ್ಲಿ ಒಬ್ಬ ವಕೀಲನೂ ಎದ್ದು ನಿಲ್ಲಲಿಲ್ಲ.

'ಮೈಸೂರಿನಲ್ಲಿಯೂ ಅರಸರಿದ್ದರಲ್ಲ?' ಎನ್ನುವಿರಿ. ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ಕಿರಿಯ ರಾಜಕುಮಾರರೇ. ಅಣ್ಣನಿಗಿಂತ ಕೆಲವು ತಿಂಗಳು ಮೊದಲು, 1940ರಲ್ಲಿ, ಅವರೂ ಗಾದಿ ಕಾಣದೆ ತೀರಿಕೊಂಡರು. ಆದರೆ ಅಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಅದರ ಕೈಯಲ್ಲಿ ಅಧಿಕಾರ ಕಡಿಮೆ. ಉಳ್ಳವರದೇ ಮಾತು ಹೆಚ್ಚು. ಆದರೂ ದಿವಾನನ ಎದುರಿಗೆ ನಿಂತು 'ಇದು ಏಕೆ ಆಗಲಿಲ್ಲ?' ಎಂದು ಕೇಳಬಹುದಿತ್ತು. ನಮ್ಮ ಅಜ್ಜಂದಿರಿಗೆ ಅಷ್ಟು ಸಹ ಇರಲಿಲ್ಲ. ಎರಡು ಸಂಸ್ಥಾನಗಳ ನಡುವಣ ಅಂತರವನ್ನು ಅರಸರ ಒಳ್ಳೆಯತನದಲ್ಲಿ ಹುಡುಕಬೇಡಿರಿ. ಕೇಳಲು ಜಾಗವಿತ್ತೇ ಇಲ್ಲವೇ ಎಂಬುದರಲ್ಲಿ ಹುಡುಕಿರಿ.

ಮಿತ್ರರೆ, ರಾಜಕುಮಾರರ ಕಾಲ ಮುಗಿಯಿತೆಂದು ನೀವು ತಿಳಿದಿದ್ದರೆ ಸುತ್ತಲೂ ಒಮ್ಮೆ ನೋಡಿರಿ. ತಂದೆ ಶಾಸಕ, ಹಿರಿಯ ಮಗನಿಗೆ ಟಿಕೆಟ್ಟು, ಕಿರಿಯ ಮಗನಿಗೊಂದು ನಿಗಮ. ಯಾವ ಪಕ್ಷವೂ ಇದರಿಂದ ಹೊರತಲ್ಲ. ಇದಕ್ಕೆ ಫರ್ಮಾನು ಬೇಡ. ನಮ್ಮ ಮೌನ ಸಾಕು. ಸಂವಿಧಾನದಲ್ಲಿ 371(ಜೆ) ಬಂದಿತು. ನಮ್ಮ ಭಾಗಕ್ಕೆ ಪ್ರತ್ಯೇಕ ಮಂಡಳಿ ಬಂದಿತು, ಹಣ ಬಂದಿತು. 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಆ ಮಂಡಳಿಯ ಹಣ ಯಾವ ಊರಿಗೆ ಎಷ್ಟು ಹೋಯಿತು ಎಂದು ನಾವು ಕೇಳದಿದ್ದರೆ, ಆ ಕುರ್ಚಿಯಲ್ಲಿ ಯಾರು ಕೂತರೂ ಕಿರಿಯ ರಾಜಕುಮಾರನೇ ಆಗುತ್ತಾನೆ.

ಕೇಳಲು ನಮಗೆ ಇಂದು ಜಾಗವಿದೆ. ಪಂಚಾಯತಿ ಕಾಯಿದೆಯ ಗ್ರಾಮಸಭೆ ಇದೆ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಕಾಗದ ಕನ್ನಡದಲ್ಲಿದೆ, ಓದಿ ಹೇಳಲು ಗಿರ್ದಾವರ ಬೇಕಿಲ್ಲ. ಈ ಸಲದ ಗ್ರಾಮಸಭೆಗೆ ರಾಶಿ ಇದೆ, ಸಂತೆ ಇದೆ ಎಂದು ತಪ್ಪಿಸಿಕೊಳ್ಳಬೇಡಿರಿ. ತಾಯಂದಿರು ಮುಂದಿನ ಸಾಲಿನಲ್ಲಿ ಕೂಡಿರಿ. ಒಬ್ಬರು ಎದ್ದು ಒಂದೇ ಮಾತು ಕೇಳಿರಿ: 'ಲೆಕ್ಕ ಓದಿರಿ.'

ನಮ್ಮ ಅಜ್ಜಂದಿರು ಕೇಳಲಾರದೆ ಸತ್ತ ಮಾತು ಅದು. ನೀವು ಕೇಳಿದ ದಿನ ನರೋಣಾದ ವಿಮೋಚನೆ ಪೂರ್ತಿಯಾಗುತ್ತದೆ.