ಬಿಟ್ಟು ಬಂದ ಹೊಲದ ಋಣ

(ಸಂಘದ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಸಾವಯವ ಕೃಷಿಯನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ಮೂವತ್ತು ವರ್ಷ ಲೆಕ್ಕಪತ್ರ ಬರೆದವನು ನಾನು, ಕೃಷಿ ಪಂಡಿತನಲ್ಲ. ಆದರೆ ನವಲಗುಂದದ ಬಳಿ ಎಂಟು ಎಕರೆ ಎರೆಭೂಮಿಯ ಉತಾರ ನನ್ನ ಹೆಸರಿನಲ್ಲಿದೆ. ಆ ಹೊಲಕ್ಕೆ ನಾನು ಮಾಡಿದ ಅನ್ಯಾಯವನ್ನು ನಿಮ್ಮೆದುರು ಒಪ್ಪಿಕೊಳ್ಳುವುದೇ ಇಂದಿನ ನನ್ನ ಉಪನ್ಯಾಸ.

ತಂದೆಯವರ ಕಾಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ನಡುವೆ ಕುಸುಬೆಯ ಅಕ್ಕಡಿ ಸಾಲು. ಬೇಸಿಗೆಯಲ್ಲಿ ಕುರಿಹಿಂಡನ್ನು ಹೊಲದಲ್ಲಿ ತರುಬಿಸಿ, ಕುರಿಗಾರರಿಗೆ ಕಾಳು ಅಳೆದು ಕೊಡುತ್ತಿದ್ದರು. ತಿಪ್ಪೆಯ ಗೊಬ್ಬರ ಮಳೆಗೆ ಮೊದಲೇ ಚಕ್ಕಡಿಯೇರಿ ಹೊಲ ಸೇರುತ್ತಿತ್ತು. ಇದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿರಲಿಲ್ಲ. 1905ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಈ ನಾಡಿನ ರೈತರನ್ನು ತಮ್ಮ ಗುರುಗಳೆಂದೇ ಭಾವಿಸಿದರು. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಕಸಕಡ್ಡಿ ಸಗಣಿಗಳಿಂದ ಕಾಂಪೋಸ್ಟ್ ಮಾಡುವ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದರು.

ತಂದೆ ತೀರಿದ ಮೇಲೆ ನಾನು ಹೊಲವನ್ನು ಲಾವಣಿಗೆ ಕೊಟ್ಟೆ. ಭೂಸುಧಾರಣಾ ಕಾನೂನಿನ 1974ರ ತಿದ್ದುಪಡಿಯ ನಂತರ ಗೇಣಿ ನಿಷಿದ್ಧ. ಆದುದರಿಂದ ಎಲ್ಲವೂ ಬಾಯಿಮಾತಿನ ವ್ಯವಹಾರ. ಒಬ್ಬನೇ ಬಹುಕಾಲ ಉತ್ತರೆ ಹಕ್ಕು ಕೇಳಿಯಾನೆಂಬ ಭಯದಿಂದ ವರ್ಷಕ್ಕೊಬ್ಬರನ್ನು ಬದಲಿಸಿದೆ. ನನ್ನ ಅನ್ಯಾಯದ ಬೇರು ಇಲ್ಲಿದೆ. ತಿಪ್ಪೆಗೊಬ್ಬರ ತನ್ನ ಸಾರವನ್ನು ಎರಡು ಮೂರು ವರ್ಷ ನಿಧಾನವಾಗಿ ಬಿಟ್ಟುಕೊಡುವಂಥದು. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕ. ಹಾಕಿದ ಹಂಗಾಮಿನಲ್ಲೇ ಫಲ. ಮುಂದಿನ ವರ್ಷ ತನ್ನದಲ್ಲದ ಹೊಲಕ್ಕೆ ಯಾವ ಜಾಣ ತಿಪ್ಪೆಗೊಬ್ಬರ ಹೇರುತ್ತಾನೆ? ಆತ ಚೀಲವನ್ನೇ ಆರಿಸಿದ. ತಪ್ಪು ಆತನದಲ್ಲ, ನನ್ನದು.

ಹನ್ನೆರಡು ವರ್ಷ ಹೀಗೆ ಕಳೆಯಿತು. ಒಮ್ಮೆ ಮಳೆಯ ಮರುದಿನ ಹೊಲಕ್ಕೆ ಹೋದೆ. ಒಡ್ಡು ಒಡೆದು ಮೇಲ್ಮಣ್ಣು ಹಳ್ಳದ ಪಾಲಾಗಿತ್ತು. ಅಗೆದು ನೋಡಿದರೆ ಎರೆಹುಳುವಿನ ಸುಳಿವಿಲ್ಲ. ನಮ್ಮ ಹಿಂಗಾರಿ ಜೋಳ ಬೆಳೆಯುವುದು ನೆಲ ಹಿಡಿದಿಟ್ಟ ತೇವದಿಂದ. ಕೊಳೆತ ಸೊಪ್ಪುಸದೆಯ ಅಂಶವೇ ಮಣ್ಣಿನ ಕಣಗಳನ್ನು ಬೆಸೆದು ನೀರನ್ನು ಹಿಡಿಯುತ್ತದೆ. ಅದು ಬರಿದಾದ ಮೇಲೆ ಮಳೆ ಬಂದರೂ ಬರವೇ.

ಅಂದು ಲಾವಣಿ ನಿಲ್ಲಿಸಿದೆ. ಊರಿನಲ್ಲಿರುವ ಸೋದರಳಿಯನಿಗೆ ಸಂಬಳ ಗೊತ್ತುಮಾಡಿ ಸ್ವಂತ ಸಾಗುವಳಿ ಆರಂಭಿಸಿದೆ. ಕುರಿ ತರುಬಿಸಿದೆವು, ಸೆಣಬು ಬಿತ್ತಿ ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಿದೆವು, ಒಡ್ಡು ಕಟ್ಟಿದೆವು. ಮೊದಲೆರಡು ವರ್ಷ ಇಳುವರಿ ಕುಸಿಯಿತು. “ಮಾವ, ಊರವರು ನಗ್ತಾರ” ಎಂದು ಅಳಿಯ ಫೋನಿನಲ್ಲಿ ಅಲವತ್ತುಕೊಂಡ. ಐದನೆಯ ವರ್ಷವಾದ ಇಂದೂ ನಮ್ಮ ರಾಶಿ ನೆರೆಹೊಲದವರದಕ್ಕಿಂತ ತುಸು ಚಿಕ್ಕದೇ. ಆದರೆ ಗೊಬ್ಬರದಂಗಡಿಯ ಸಾಲವಿಲ್ಲ. ಮಳೆ ಕೈಕೊಟ್ಟ ಕಳೆದ ಹಿಂಗಾರಿಯಲ್ಲಿ ನಮ್ಮ ಜೋಳ ತಡವಾಗಿ ಬಾಡಿತು.

ಈ ದಾರಿಯಲ್ಲಿ ಆತುರ ಸಲ್ಲದು. ಸಿಕ್ಕಿಂ ರಾಜ್ಯ 2003ರಲ್ಲಿ ಸಂಕಲ್ಪ ಮಾಡಿ 2016ರಲ್ಲಿ ಸಂಪೂರ್ಣ ಸಾವಯವ ರಾಜ್ಯವೆನಿಸಿತು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ಭತ್ತದ ಇಳುವರಿ ಕುಸಿದು, ಅದೇ ವರ್ಷ ಹಿಂದೆ ಸರಿಯಬೇಕಾಯಿತು. ನಮ್ಮ ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಆದರೆ ಮಣ್ಣು ತಿದ್ದಿಕೊಳ್ಳುವುದು ಘೋಷಣೆಯಿಂದಲ್ಲ, ವರ್ಷವರ್ಷವೂ ಅದಕ್ಕೆ ಉಣಿಸುವ ಕೈಯಿಂದ.

ಬಂಧುಗಳೇ, ಔಷಧ ಹೊಡೆಯದ ಕಾಳು ಬೇಕೆಂದು ನಾವು ಇಲ್ಲಿ ಒಂದೂವರೆ ಪಟ್ಟು ಬೆಲೆ ತೆರುತ್ತೇವೆ. ಊರಿನಲ್ಲಿರುವ ನಮ್ಮದೇ ಹೊಲದಲ್ಲಿ ಏನು ಹೊಡೆಯುತ್ತಾರೆಂದು ಕೇಳುವುದಿಲ್ಲ; ಲಾವಣಿ ಹಣ ಬಂದರೆ ಸಾಕು. ಈ ಸಭೆಯಲ್ಲಿ ಉತಾರ ಉಳ್ಳವರು ಅನೇಕರಿದ್ದೀರಿ. ಮುಂದಿನ ಸಲ ಜಾತ್ರೆಗೆ ಹೋದಾಗ ಹೊಲಕ್ಕೂ ಹೋಗಿ, ಒಂದು ಹಿಡಿ ಮಣ್ಣು ಮೂಸಿ ನೋಡಿರಿ. ಬಂದ ಹಣದಲ್ಲಿ ಒಂದು ಪಾಲನ್ನಾದರೂ ತಿಪ್ಪೆಗೊಬ್ಬರವಾಗಿ ಅದಕ್ಕೇ ಮರಳಿಸಿರಿ. ನಮ್ಮನ್ನು ಓದಿಸಿ ಈ ಊರಿಗೆ ಕಳುಹಿಸಿದ್ದು ಆ ಮಣ್ಣೇ ಅಲ್ಲವೇ?